ಬಳ್ಳಾರಿಯಿಂದ ಮಸಾಯಿ ಮಾರಾಗೆ: ಗೆಳೆಯರ ಜೊತೆ ಆಫ್ರಿಕಾ ಸಫಾರಿಗೆ ಹೊರಡುವ ಮುನ್ನ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆಯಿಂದ ಈಗ ಕೀನ್ಯಾ, ತಾಂಜಾನಿಯಾ ಕಡೆಗೆ ಹೊರಡುವ ಗೆಳೆಯರ ಗುಂಪುಗಳು ಜಾಸ್ತಿಯಾಗುತ್ತಿವೆ. ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗಂಗಾವತಿ, ರಾಯಚೂರು, ಸಿಂಧನೂರು, ಎಲ್ಲ ಕಡೆಯಿಂದಲೂ ಕೇಳುವವರಿದ್ದಾರೆ. ಸಿಂಹ ಎಲ್ಲಿ ಸಿಗುತ್ತದೆ, ಚಿರತೆ ಎಷ್ಟು ಹೊತ್ತಿಗೆ ಕಾಣುತ್ತದೆ ಎಂದು ಎಲ್ಲರೂ ಓದಿಕೊಂಡಿರುತ್ತಾರೆ. ಮೊದಲ ಗೇಟಿನವರೆಗೆ ಹೋಗುವುದು ಹೇಗೆ ಎಂದು ಮಾತ್ರ ಯಾರೂ ಯೋಚಿಸಿರುವುದಿಲ್ಲ. ನಿಜವಾದ ತಾಪತ್ರಯ ಇರುವುದೇ ಅಲ್ಲಿ. ಹಾಗಾಗಿ ಇಲ್ಲಿ ಪ್ರಾಣಿಗಳ ಮಾತು ಕಡಿಮೆ, ದಾರಿಯ ಮಾತು ಜಾಸ್ತಿ. ಉದಾಹರಣೆಗೆ ಕೀನ್ಯಾದ ಮಸಾಯಿ ಮಾರಾ ವನ್ಯಧಾಮವನ್ನೇ ಇಟ್ಟುಕೊಂಡಿದ್ದೇನೆ, ನಮ್ಮವರು ಮೊದಲ ಸಲ ಹೋಗುವುದು ಹೆಚ್ಚಾಗಿ ಅಲ್ಲಿಗೇ.

ಬಳ್ಳಾರಿಯಲ್ಲಿ ಮನೆ ಬಾಗಿಲು ಹಾಕಿದರೆ ಮಾರಾದ ಗೇಟು ಮುಟ್ಟಲು ಎಷ್ಟು ಹೊತ್ತು?

ಎಲ್ಲೂ ಮಲಗದೆ, ಎಲ್ಲೂ ತಡವಾಗದೆ ಹೋದರೆ ಸುಮಾರು 28 ಗಂಟೆ. ಬಳ್ಳಾರಿಯಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಐದು, ಐದೂವರೆ ಗಂಟೆ. ಅಲ್ಲಿ ವಿಮಾನಕ್ಕೆ 3 ಗಂಟೆ ಮೊದಲೇ ಇರಬೇಕು. ಮಧ್ಯೆ ಒಂದು ಕಡೆ ವಿಮಾನ ಬದಲಿಸಿ ನೈರೋಬಿ ತಲುಪಲು ಹತ್ತರಿಂದ ಹದಿನೈದು ಗಂಟೆ. ಇಳಿದು, ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿ, ಬ್ಯಾಗು ಎತ್ತಿಕೊಂಡು ಹೊರಗೆ ಬರಲು ಒಂದೂವರೆ ಗಂಟೆ. ಆಮೇಲೆ ರಸ್ತೆಯಲ್ಲಿ ಮತ್ತೆ ಐದಾರು ಗಂಟೆ.

ಒಂದು ಸಣ್ಣ ಲಾಭವಿದೆ. ಕೀನ್ಯಾದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಹೋಗುವಾಗ ಆ ಎರಡೂವರೆ ಗಂಟೆ ಕೈಗೆ ಸಿಗುತ್ತದೆ, ಬರುವಾಗ ವಾಪಸ್ ಕೊಡಬೇಕು.

ಹಾಗಾದರೆ ನೇರವಾಗಿ ಹೋಗಿಬಿಡಬಹುದಲ್ವಾ? ನೈರೋಬಿಯಲ್ಲಿ ಒಂದು ರಾತ್ರಿ ಯಾಕೆ ದಂಡ?

ಈ ಪ್ರಶ್ನೆ ಪ್ರತಿ ಗುಂಪಿನಲ್ಲೂ ಬರುತ್ತದೆ. ಪ್ರತಿ ಸಲವೂ ನನ್ನ ಉತ್ತರ ಒಂದೇ: ಮಲಗಿ ಎದ್ದು ಹೋಗಿ.

ಲೆಕ್ಕ ನೋಡಿ. ಹೊರದೇಶದ ದೊಡ್ಡವರಿಗೆ ಮಸಾಯಿ ಮಾರಾದ ಪ್ರವೇಶ ಶುಲ್ಕ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. 2024ರಿಂದ ಈ ದರ ಜಾರಿಯಲ್ಲಿದೆ. ಒಂದು ದಿನ ಅಂದರೆ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಮಾತ್ರ. ನೀವು ಬೆಳಿಗ್ಗೆ ನೈರೋಬಿಯಲ್ಲಿ ಇಳಿದು, ಹಾಗೇ ಗಾಡಿ ಹತ್ತಿ ಸಂಜೆ ನಾಲ್ಕೂವರೆಗೆ ಗೇಟು ಮುಟ್ಟಿ ಒಳಗೆ ಹೋದಿರಿ ಅಂದುಕೊಳ್ಳಿ. ಒಂದೂವರೆ ಗಂಟೆ ನೋಡಲು ತಲೆಗೆ 200 ಡಾಲರ್. ಅದೂ ಹಿಂದಿನ ರಾತ್ರಿ ಸೀಟಿನಲ್ಲಿ ಕೂತು ತೂಕಡಿಸಿದ ಕಣ್ಣಲ್ಲಿ. ಗುಂಪಿನಲ್ಲಿ ಇಬ್ಬರಾದರೂ ಸಿಂಹದ ಮುಂದೆಯೇ ನಿದ್ದೆ ಹೊಡೆಯುತ್ತಾರೆ, ಬೇಕಾದರೆ ಬರೆದುಕೊಡುತ್ತೇನೆ.

ಇನ್ನೊಂದು ಕಾರಣ ಬ್ಯಾಗು. ವಿಮಾನ ಬದಲಿಸುವಾಗ ಒಬ್ಬರ ಬ್ಯಾಗು ಹಿಂದೆ ಉಳಿಯುವುದು ಅಪರೂಪವೇನಲ್ಲ. ನೈರೋಬಿಯಲ್ಲಿ ಒಂದು ರಾತ್ರಿ ಇದ್ದರೆ ಅದು ಮುಂದಿನ ವಿಮಾನದಲ್ಲಿ ಬಂದು ಸೇರುತ್ತದೆ. ನೀವು ಆಗಲೇ ಮಾರಾದ ಬಯಲಿನಲ್ಲಿದ್ದರೆ ಅದನ್ನು ಅಲ್ಲಿಗೆ ತಲುಪಿಸುವವರು ಯಾರು?

ಆ ದಿನ ಸುಮ್ನೆ ಕೂರಬೇಕಾಗಿಯೂ ಇಲ್ಲ. ನೈರೋಬಿ ರಾಷ್ಟ್ರೀಯ ಉದ್ಯಾನ ಊರಿಗೇ ಅಂಟಿಕೊಂಡಿದೆ. 1946ರಲ್ಲಿ ಶುರುವಾದ, ಕೀನ್ಯಾದ ಮೊದಲ ರಾಷ್ಟ್ರೀಯ ಉದ್ಯಾನ ಅದು, ಸುಮಾರು 117 ಚದರ ಕಿ.ಮೀ. ಘೇಂಡಾಮೃಗ, ಸಿಂಹ, ಜಿರಾಫೆ ಇವೆ, ಹಿಂದೆ ನೈರೋಬಿಯ ಎತ್ತರದ ಕಟ್ಟಡಗಳು ಕಾಣುತ್ತವೆ. ಆನೆ ಇಲ್ಲ. ಆನೆ ಬೇಕಾದರೆ ತಬ್ಬಲಿ ಮರಿಗಳನ್ನು ಸಾಕುವ ಶೆಲ್ಡ್ರಿಕ್ ಕೇಂದ್ರವಿದೆ. ಜನರಿಗೆ ಬೆಳಿಗ್ಗೆ 11ರಿಂದ 12ರವರೆಗೆ ಒಂದೇ ಗಂಟೆ ತೆರೆದಿರುತ್ತದೆ, ಮುಂಚೆಯೇ ಬುಕ್ ಮಾಡಬೇಕು.

ಬೆಂಗಳೂರಿನಿಂದ ಹತ್ತಬೇಕೋ, ಹೈದರಾಬಾದಿನಿಂದಲೋ, ಮುಂಬೈಯಿಂದಲೋ?

ನಿಮ್ಮ ಊರು ಯಾವುದು ಎನ್ನುವುದರ ಮೇಲಿದೆ. ಬೆಂಗಳೂರೇ ಆಗಬೇಕು ಎಂಬ ಹಟ ಬೇಡ.

ಬಳ್ಳಾರಿಯವರಿಗೆ ಬೆಂಗಳೂರು ಸರಿ. ಆದರೆ ಹೋಗುವ ದಾರಿ ಸರಿಯಾಗಿರಲಿ. ಚಳ್ಳಕೆರೆ, ಹಿರಿಯೂರು, ತುಮಕೂರು ದಾರಿ ಹಿಡಿದರೆ ಬೆಂಗಳೂರಿನ ಪಶ್ಚಿಮದ ಬಾಗಿಲಿಗೆ ಬಂದು ನಿಲ್ಲುತ್ತೀರಿ. ವಿಮಾನ ನಿಲ್ದಾಣ ಇರುವುದು ಉತ್ತರಕ್ಕೆ, ದೇವನಹಳ್ಳಿಯಲ್ಲಿ. ಸಂಜೆ ಹೊತ್ತಾದರೆ ಆ ನಡುವಿನ ಟ್ರಾಫಿಕ್ ನಿಮ್ಮ ಜೀವ ತಿನ್ನುತ್ತದೆ. ಬದಲಿಗೆ ಉರವಕೊಂಡ ಮೇಲೆ ಅನಂತಪುರಕ್ಕೆ ಹೋಗಿ, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 44 ಹಿಡಿಯಿರಿ. ಪೆನುಕೊಂಡ, ಬಾಗೇಪಲ್ಲಿ, ಚಿಕ್ಕಬಳ್ಳಾಪುರ ದಾಟಿದರೆ ಬೆಂಗಳೂರಿಗಿಂತ ಮೊದಲೇ ದೇವನಹಳ್ಳಿ. ಊರೊಳಗೆ ಕಾಲಿಡುವ ಮಾತೇ ಇಲ್ಲ. ಬಾಡಿಗೆ ಗಾಡಿಯಾದರೆ ಆಂಧ್ರಕ್ಕೆ ಪರ್ಮಿಟ್ ಇದೆಯೇ ಎಂದು ಹಿಂದಿನ ದಿನವೇ ಕೇಳಿ. ಗಡಿಯಲ್ಲಿ ನಿಂತು ಚೌಕಾಸಿ ಮಾಡುವ ಹೊತ್ತಲ್ಲ ಅದು.

ರಾಯಚೂರಿನವರಿಗೆ ನಾನು ಹೇಳುವುದು ಹೈದರಾಬಾದ್. ಮಕ್ತಲ್, ಮಹಬೂಬ್‌ನಗರ, ಜಡ್ಚರ್ಲಾ ದಾರಿಯಲ್ಲಿ ಶಂಷಾಬಾದ್ ವಿಮಾನ ನಿಲ್ದಾಣ ಸುಮಾರು 200 ಕಿ.ಮೀ. ಇಲ್ಲೂ ಅದೇ ಅನುಕೂಲ, ಹೈದರಾಬಾದ್ ಊರಿಗಿಂತ ಮೊದಲೇ ಶಂಷಾಬಾದ್ ಸಿಗುತ್ತದೆ. ರಾಯಚೂರಿನಿಂದ ಬೆಂಗಳೂರಿಗೆ ಹೋಗುವುದಕ್ಕೆ ಇದರ ಎರಡರಷ್ಟು ದೂರ. ಸಿಂಧನೂರು, ಮಾನ್ವಿಯವರೂ ಇದನ್ನೇ ನೋಡಬಹುದು.

ಕೊಪ್ಪಳದವರ ಕಥೆ ಬೇರೆ. ಹುಬ್ಬಳ್ಳಿ ವಿಮಾನ ನಿಲ್ದಾಣ ಎರಡು ಗಂಟೆಯ ದಾರಿ. ಅಲ್ಲಿಂದ ಮುಂಬೈಗೆ ಹೋಗಿ ನೈರೋಬಿ ವಿಮಾನ ಹಿಡಿಯುವವರಿದ್ದಾರೆ. ಮುಂಬೈಯಿಂದ ನೈರೋಬಿಗೆ ನೇರ ವಿಮಾನ, ಸುಮಾರು ಆರು ಗಂಟೆ. ಕೀನ್ಯಾ ಏರ್‌ವೇಸ್ ಹಳೆಯದು, ಇಂಡಿಗೋ 2023ರ ಆಗಸ್ಟ್‌ನಲ್ಲಿ ಶುರು ಮಾಡಿತು. ವೇಳಾಪಟ್ಟಿ ಸೀಸನ್‌ಗೆ ತಕ್ಕಂತೆ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡುವ ದಿನ ನೋಡಿಕೊಳ್ಳಿ.

ತೋರಣಗಲ್ಲಿನ ವಿಮಾನ ನಿಲ್ದಾಣವನ್ನು ನಂಬಿಕೊಂಡು ವಿದೇಶ ಪ್ರಯಾಣ ಕಟ್ಟಬೇಡಿ ಎನ್ನುವುದು ನನ್ನ ಅಭಿಪ್ರಾಯ. ಸಣ್ಣ ವಿಮಾನ, ಕಡಿಮೆ ಸೀಟು. ಅದು ರದ್ದಾದ ದಿನ ನಿಮ್ಮ ಕೈಯಲ್ಲಿ ಬೇರೆ ದಾರಿ ಇರುವುದಿಲ್ಲ.

ರೈಲಿನಲ್ಲಿ ಹೋಗಬಹುದಾ?

ಧಾರಾಳವಾಗಿ. ಹುಬ್ಬಳ್ಳಿಯಿಂದ ಮೈಸೂರಿಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ಕೊಪ್ಪಳ, ಹೊಸಪೇಟೆ, ಬಳ್ಳಾರಿ ಮೂರನ್ನೂ ಮುಟ್ಟಿ, ಗುಂತಕಲ್ ಮೇಲೆ ಬೆಳಿಗ್ಗೆ ಬೆಂಗಳೂರಿಗೆ ಹೋಗುತ್ತದೆ. ರಾತ್ರಿ ಕಾಲು ಚಾಚಿ ಮಲಗಬಹುದು, ಮುಂದಿನ 24 ಗಂಟೆ ಆ ಭಾಗ್ಯ ಇಲ್ಲ. ಯಲಹಂಕದಲ್ಲಿ ನಿಲ್ಲುವ ರೈಲಾದರೆ ಅಲ್ಲೇ ಇಳಿಯಿರಿ. ಮೆಜೆಸ್ಟಿಕ್‌ವರೆಗೆ ಹೋಗಿ ಮತ್ತೆ ಉತ್ತರಕ್ಕೆ ತಿರುಗಿ ಬರುವುದು ಸುಮ್ನೆ ಸುತ್ತು.

ಷರತ್ತು ಒಂದೇ. ವಿಮಾನ ಮಧ್ಯಾಹ್ನವೋ ರಾತ್ರಿಯೋ ಇರಬೇಕು. ಬೆಳಿಗ್ಗೆ ಒಂಬತ್ತು ಹತ್ತರ ವಿಮಾನಕ್ಕೆ ಅದೇ ಬೆಳಗಿನ ರೈಲು ನಂಬಬೇಡಿ.

ವಿಮಾನ ಬದಲಿಸುವುದು ಎಲ್ಲಿ? ಯಾವುದು ವಾಸಿ?

ಬೆಂಗಳೂರು, ಹೈದರಾಬಾದಿನಿಂದ ಹೋಗುವವರು ದುಬೈ, ದೋಹಾ, ಅಬುಧಾಬಿ ಅಥವಾ ಅಡಿಸ್ ಅಬಾಬಾದಲ್ಲಿ ಬದಲಿಸುತ್ತಾರೆ. ಕೊಲ್ಲಿಯ ನಿಲ್ದಾಣಗಳು ದೊಡ್ಡವು, ಊಟ ತಿಂಡಿ ಸಿಗುತ್ತದೆ. ಅಡಿಸ್ ಅಬಾಬಾದಿಂದ ನೈರೋಬಿಗೆ ಎರಡು ಗಂಟೆ ಅಷ್ಟೇ.

ವಿಮಾನ ಯಾವುದು ಎನ್ನುವುದಕ್ಕಿಂತ ಮುಖ್ಯವಾದ ಮಾತು ಬೇರೆ. ಊರಿನಿಂದ ನೈರೋಬಿವರೆಗೆ ಒಂದೇ ಟಿಕೆಟ್, ಒಂದೇ ಪಿಎನ್‌ಆರ್ ಇರಲಿ. ಬೆಂಗಳೂರಿನಿಂದ ಮುಂಬೈಗೆ ಒಂದು ಕಂಪನಿಯ ಅಗ್ಗದ ಟಿಕೆಟ್, ಮುಂಬೈಯಿಂದ ನೈರೋಬಿಗೆ ಇನ್ನೊಂದು ಕಂಪನಿಯ ಅಗ್ಗದ ಟಿಕೆಟ್ ಎಂದು ಬೇರೆ ಬೇರೆ ಮಾಡಿಸಿದರೆ, ಮೊದಲನೆಯದು ತಡವಾದಾಗ ಎರಡನೆಯವರು ನಿಮಗಾಗಿ ಕಾಯುವುದಿಲ್ಲ, ದುಡ್ಡೂ ವಾಪಸ್ ಕೊಡುವುದಿಲ್ಲ. ಬ್ಯಾಗನ್ನೂ ಮಧ್ಯದಲ್ಲಿ ಇಳಿಸಿಕೊಂಡು ಮತ್ತೆ ಕೊಡಬೇಕಾಗುತ್ತದೆ. ಒಂದೇ ಟಿಕೆಟ್ ಇದ್ದರೆ ಮುಂದಿನ ವಿಮಾನಕ್ಕೆ ಹಾಕಿಕೊಡುವುದು ಅವರ ತಲೆನೋವು. ಕೌಂಟರಿನಲ್ಲಿ ಬ್ಯಾಗಿಗೆ ಅಂಟಿಸುವ ಚೀಟಿಯ ಮೇಲೆ ನೈರೋಬಿಯ ಹೆಸರಿದೆಯೇ ಎಂದು ಒಮ್ಮೆ ಕಣ್ಣಾಡಿಸಿ.

ಬದಲಿಸುವ ಮಧ್ಯೆ ಮೂರರಿಂದ ಐದು ಗಂಟೆ ಅಂತರ ಇರಲಿ. ಆರು ಜನರಲ್ಲಿ ಒಬ್ಬ ಶೌಚಾಲಯಕ್ಕೆ, ಇನ್ನೊಬ್ಬ ಸುಗಂಧದ ಅಂಗಡಿಗೆ ಹೋಗಿ ಕಾಣೆಯಾಗುವುದು ಇದ್ದದ್ದೇ.

ನೈರೋಬಿಯಿಂದ ಮಾರಾಗೆ ರಸ್ತೆಯಲ್ಲೋ, ಸಣ್ಣ ವಿಮಾನದಲ್ಲೋ?

ಹೋಗುವಾಗ ರಸ್ತೆ, ಬರುವಾಗ ಕೈಯಲ್ಲಿ ದುಡ್ಡಿದ್ದರೆ ವಿಮಾನ. ಇದು ನನ್ನ ರುಚಿ.

ರಸ್ತೆಯಲ್ಲಿ ನೈರೋಬಿ ಬಿಟ್ಟು ಸ್ವಲ್ಪ ಹೊತ್ತಿಗೆ ನೆಲ ಒಮ್ಮೆಲೇ ಕೆಳಗೆ ಬಿದ್ದಂತೆ ರಿಫ್ಟ್ ಕಣಿವೆ ತೆರೆದುಕೊಳ್ಳುತ್ತದೆ. ಭೂಮಿಯ ಹೊರಪದರವೇ ಎರಡು ಕಡೆಗೆ ಎಳೆದು ಸೀಳಿದ ಜಾಗ ಅದು, ಈಗಲೂ ನಿಧಾನವಾಗಿ ಅಗಲವಾಗುತ್ತಿದೆ. ನೋಡುವ ಕಟ್ಟೆಯ ಹತ್ತಿರ ಎಲ್ಲ ಗಾಡಿಗಳೂ ನಿಲ್ಲುತ್ತವೆ. ಅಲ್ಲಿನ ಅಂಗಡಿಯವರು ಹೇಳುವ ಬೆಲೆಯ ಕಾಲು ಭಾಗದಿಂದ ಮಾತು ಶುರು ಮಾಡಿ, ನಮ್ಮವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮುಂದೆ ನಾರೋಕ್ ಊರು. ಪೆಟ್ರೋಲು, ಊಟ, ಎಟಿಎಂ ಎಲ್ಲಕ್ಕೂ ಅದೇ ಕೊನೆಯ ದೊಡ್ಡ ಊರು. ಅಲ್ಲಿಂದ ಸೆಕೆನಾನಿ ಗೇಟು. ದಾರಿಯುದ್ದಕ್ಕೂ ದನ ಹೊಡೆದುಕೊಂಡು ಹೋಗುವ ಮಸಾಯಿ ಬುಡಕಟ್ಟಿನವರು, ಅವರ ದನಗಳ ಪಕ್ಕದಲ್ಲೇ ಮೇಯುವ ಜೀಬ್ರಾಗಳು. ಗೇಟಿನ ಟಿಕೆಟ್ ಇಲ್ಲದೆಯೇ ಇಷ್ಟು ಸಿಗುತ್ತದೆ. ಅಲ್ಲೂ ನಮ್ಮ ಹಾಗೆ ಎಡಗಡೆಯೇ ಗಾಡಿ ಓಡಿಸುವುದು.

ಸಣ್ಣ ವಿಮಾನ ಹತ್ತುವುದು ದೊಡ್ಡ ನಿಲ್ದಾಣದಿಂದ ಅಲ್ಲ, ಊರೊಳಗಿನ ವಿಲ್ಸನ್ ನಿಲ್ದಾಣದಿಂದ. ಇದು ಗೊತ್ತಿಲ್ಲದೆ ದೊಡ್ಡ ನಿಲ್ದಾಣವಾದ ಜೊಮೊ ಕೆನ್ಯಾಟಾದಲ್ಲೇ ಕೂತವರಿದ್ದಾರೆ. ಮಾರಾದಲ್ಲಿ ವಿಮಾನ ಇಳಿಯುವ ಮಣ್ಣಿನ ಪಟ್ಟಿಗಳಿಗೆ ಮುಕ್ಕಾಲು, ಒಂದು ಗಂಟೆ. ಸಾಮಾನು ತಲೆಗೆ 15 ಕೆ.ಜಿ. ಮಾತ್ರ, ಅದೂ ಮೆತ್ತನೆಯ ಬ್ಯಾಗಿನಲ್ಲಿ. ಚಕ್ರದ ಗಟ್ಟಿ ಸೂಟ್‌ಕೇಸ್ ಆ ವಿಮಾನದ ಹೊಟ್ಟೆಯೊಳಗೆ ಹೋಗುವುದಿಲ್ಲ. ಬೆನ್ನು ನೋವಿನವರು ಗುಂಪಿನಲ್ಲಿದ್ದರೆ ಎರಡೂ ಕಡೆ ಇದೇ ಒಳ್ಳೆಯದು.

ಎಷ್ಟು ಜನ ಹೋದರೆ ಸರಿ?

ಆರು. ಸಫಾರಿ ಗಾಡಿ, ಅದು ಲ್ಯಾಂಡ್ ಕ್ರೂಸರ್ ಇರಲಿ ವ್ಯಾನ್ ಇರಲಿ, ಬಾಡಿಗೆ ದಿನಕ್ಕೆ ಇಷ್ಟು ಎಂದು ಇಡೀ ಗಾಡಿಗೆ ಇರುತ್ತದೆ. ಇಬ್ಬರು ಹೋದರೂ ಅಷ್ಟೇ, ಆರು ಜನ ಹೋದರೂ ಅಷ್ಟೇ. ಆರಕ್ಕೆ ಎಲ್ಲರಿಗೂ ಕಿಟಕಿ ಸಿಗುತ್ತದೆ. ಏಳನೆಯವನು ಬಂದರೆ ಒಬ್ಬ ಮಧ್ಯೆ ಕೂರಬೇಕು, ಎಂಟನೆಯವನು ಬಂದರೆ ಎರಡನೇ ಗಾಡಿ ಬೇಕು. ಆಗ ಖರ್ಚಿನ ಲೆಕ್ಕವೆಲ್ಲ ತಲೆಕೆಳಗು.

ಗೆಳೆಯರ ವಿಷಯದಲ್ಲಿ ಇನ್ನೂ ಒಂದೆರಡು ಮಾತು ಹೇಳಬೇಕು. ವಾಟ್ಸಾಪ್ ಗುಂಪಿನಲ್ಲಿ ‘ನಾನೂ ಬರ್ತೀನಿ’ ಎಂದವರ ತಲೆ ಎಣಿಸಿ ಟಿಕೆಟ್ ಮಾಡಬೇಡಿ. ಮುಂಗಡ ಕೊಟ್ಟವರನ್ನು ಮಾತ್ರ ಎಣಿಸಿ. ಹದಿನೈದು ಜನ ಕೈ ಎತ್ತುತ್ತಾರೆ, ಪಾಸ್‌ಪೋರ್ಟ್ ಕಳಿಸಿ ಎಂದಾಗ ಎಂಟಾಗುತ್ತಾರೆ, ದುಡ್ಡು ಎಂದಾಗ ಐದಾಗುತ್ತಾರೆ. ಒಬ್ಬ ಬಿಟ್ಟರೆ ಗಾಡಿಯ ಅವನ ಪಾಲು ಉಳಿದವರ ಮೇಲೆ ಬೀಳುತ್ತದೆ. ಆದ್ದರಿಂದ ‘ಇಂಥ ತಾರೀಖಿನ ಮೇಲೆ ಬಿಟ್ಟರೆ ಗಾಡಿ ಬಾಡಿಗೆಯ ಪಾಲು ವಾಪಸ್ ಇಲ್ಲ’ ಎಂದು ಮೊದಲೇ ಬರೆದು ಹಾಕಿ. ಮುಖ ಕೆಡಿಸಿಕೊಂಡರೆ ಈಗಲೇ ಕೆಡಿಸಿಕೊಳ್ಳಲಿ. ಲೆಕ್ಕ ಬರೆಯುವವನು ಒಬ್ಬನೇ ಇರಲಿ, ದಾರಿ ಹೇಳುವವನು ಇನ್ನೊಬ್ಬ ಇರಲಿ. ಎರಡೂ ಕೆಲಸ ಒಬ್ಬನ ತಲೆಗೆ ಕಟ್ಟಿದರೆ ಅವನು ಸಫಾರಿ ನೋಡುವುದಿಲ್ಲ.

ಇನ್ನೊಂದು, ಬೆಳಿಗ್ಗೆ ಐದಕ್ಕೆ ಏಳಲು ಒಪ್ಪದವನನ್ನು ಕರೆದುಕೊಂಡು ಹೋಗಬೇಡಿ. ಎಷ್ಟೇ ಹಳೆಯ ದೋಸ್ತಿ ಇದ್ದರೂ ಸರಿ.

ಯಾವ ತಿಂಗಳು ಒಳ್ಳೆಯದು?

ಮಕ್ಕಳ ಬೇಸಿಗೆ ರಜೆ ಎಂದು ಏಪ್ರಿಲ್, ಮೇ ಇಟ್ಟುಕೊಳ್ಳುವವರು ಜಾಸ್ತಿ. ಅದೇ ಹೊತ್ತಿಗೆ ಕೀನ್ಯಾದಲ್ಲಿ ದೊಡ್ಡ ಮಳೆಗಾಲ, ಮಾರ್ಚ್‌ನಿಂದ ಮೇವರೆಗೆ. ಹುಲ್ಲು ಎದೆಯೆತ್ತರ ಬೆಳೆದಿರುತ್ತದೆ, ಮಾರಾದ ಕಪ್ಪು ಮಣ್ಣಿನಲ್ಲಿ ಗಾಡಿ ಹೂತುಕೊಳ್ಳುತ್ತದೆ. ಎರೆ ಹೊಲದಲ್ಲಿ ಮಳೆ ಬಂದಾಗ ಟ್ರ್ಯಾಕ್ಟರ್ ಏನಾಗುತ್ತದೆ ಎಂದು ಸಿರುಗುಪ್ಪ, ಸಿಂಧನೂರಿನವರಿಗೆ ಗೊತ್ತೇ ಇದೆ.

ಹುಲ್ಲೆಯ ಜಾತಿಯ ಲಕ್ಷಾಂತರ ವೈಲ್ಡ್‌ಬೀಸ್ಟ್‌ಗಳು ತಾಂಜಾನಿಯಾದ ಸೆರೆಂಗೆಟಿ ಬಯಲಿನಿಂದ ಮಾರಾ ನದಿ ದಾಟಿ ಬರುವುದು ಹೆಚ್ಚುಕಡಿಮೆ ಜುಲೈಯಿಂದ ಅಕ್ಟೋಬರ್‌ವರೆಗೆ. ಮಳೆ ಬಿದ್ದ ಕಡೆ ಚಿಗುರುವ ಹುಲ್ಲನ್ನು ಹಿಂಬಾಲಿಸಿ ಅವು ವರ್ಷವಿಡೀ ಸುತ್ತುತ್ತಲೇ ಇರುತ್ತವೆ, ಹಾಗಾಗಿ ತಾರೀಖು ಹೇಳಿ ಬರುವುದಿಲ್ಲ. ನಮ್ಮ ತುಂಗಭದ್ರಾ ಕಾಲುವೆಯ ರೈತರಿಗೆ ಸೆಪ್ಟೆಂಬರ್ ಹೊಂದುತ್ತದೆ. ಭತ್ತದ ನಾಟಿ ಮುಗಿದಿರುತ್ತದೆ, ಕೊಯ್ಲು ಇನ್ನೂ ದೂರ. ಖರ್ಚು ಕಡಿಮೆ ಬೇಕು, ನದಿ ದಾಟುವುದು ನೋಡದಿದ್ದರೂ ನಡೆಯುತ್ತದೆ ಎನ್ನುವವರು ಜನವರಿ, ಫೆಬ್ರವರಿ ನೋಡಿ. ಗೇಟಿನ ಶುಲ್ಕ ಅರ್ಧ, ಗಾಡಿಗಳ ಗದ್ದಲವೂ ಕಡಿಮೆ, ಸಿಂಹಗಳು ಎಲ್ಲಿಗೂ ಹೋಗಿರುವುದಿಲ್ಲ.

ಹಳದಿ ಜ್ವರದ ಲಸಿಕೆ ಬೇಕೇ ಬೇಕಾ?

ಬೇಕು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ತೊಂದರೆ ಬರುವುದು ಹೋಗುವಾಗಲ್ಲ, ವಾಪಸ್ ಬರುವಾಗ. ಹಳದಿ ಜ್ವರ ಇರುವ ದೇಶಗಳ ಪಟ್ಟಿಯಲ್ಲಿ ಭಾರತ ಸರ್ಕಾರ ಕೀನ್ಯಾವನ್ನೂ ಇಥಿಯೋಪಿಯಾವನ್ನೂ ಇಟ್ಟಿದೆ. ಅಲ್ಲಿಂದ ಬಂದವರ ಹತ್ತಿರ ಲಸಿಕೆಯ ಹಳದಿ ಪುಸ್ತಕ ಇಲ್ಲದಿದ್ದರೆ ಆರು ದಿನದವರೆಗೆ ಬೇರೆ ಇರಿಸಬಹುದು. ನಮ್ಮ ದೇಶದಲ್ಲಿ ಆ ರೋಗ ಇಲ್ಲ, ಆದರೆ ಅದನ್ನು ಹರಡುವ ಜಾತಿಯ ಸೊಳ್ಳೆ ಇದೆ. ಅದಕ್ಕೇ ಇಷ್ಟು ಬಿಗಿ.

ಈ ಚುಚ್ಚುಮದ್ದು ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಕೇಂದ್ರ ಆರೋಗ್ಯ ಇಲಾಖೆ ಒಪ್ಪಿದ ಕೆಲವೇ ಕೇಂದ್ರಗಳಲ್ಲಿ ಹಾಕುತ್ತಾರೆ, ಪಟ್ಟಿ ಇಲಾಖೆಯ ತಾಣದಲ್ಲಿದೆ. ಕೇಂದ್ರಕ್ಕೆ ಫೋನ್ ಮಾಡಿ ಯಾವ ದಿನ ಹಾಕುತ್ತಾರೆ ಎಂದು ಕೇಳಿಕೊಂಡೇ ಹೋಗಿ, ಎಲ್ಲ ದಿನವೂ ಇರುವುದಿಲ್ಲ. ಪಾಸ್‌ಪೋರ್ಟ್ ಮೂಲಪ್ರತಿ ಬೇಕು, ಅದರ ನಂಬರನ್ನೇ ಪುಸ್ತಕದಲ್ಲಿ ಬರೆಯುತ್ತಾರೆ. ಹಾಕಿಸಿಕೊಂಡ 10 ದಿನದ ನಂತರವಷ್ಟೇ ಪ್ರಮಾಣಪತ್ರಕ್ಕೆ ಬೆಲೆ. ಹೊರಡುವ ವಾರ ಓಡಿಹೋದರೆ ಪ್ರಯೋಜನವಿಲ್ಲ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ, 2016ರಿಂದ ಈ ನಿಯಮ ಬಂದಿದೆ. ಮೊಟ್ಟೆ ತಿಂದರೆ ಅಲರ್ಜಿ ಆಗುವವರು, 60 ದಾಟಿದವರು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆ ತಿನ್ನುವವರು ಮೊದಲು ವೈದ್ಯರ ಹತ್ತಿರ ಮಾತಾಡಲೇಬೇಕು.

ಮಲೇರಿಯಾ?

ಮಾರಾದಲ್ಲಿ ಇದೆ. ಮಾತ್ರೆ ಹೋಗುವ ಮೊದಲೇ ಶುರು ಮಾಡಿ, ಬಂದ ಮೇಲೂ ಕೆಲವು ದಿನ ತಿನ್ನಬೇಕು. ಯಾವ ಮಾತ್ರೆ ಎಂದು ವೈದ್ಯರು ಹೇಳಲಿ, ಗುಂಪಿನ ‘ಡಾಕ್ಟ್ರು’ ಅಲ್ಲ. ಸಂಜೆ ಮೇಲೆ ತುಂಬು ತೋಳಿನ ಅಂಗಿ.

ಪಾಸ್‌ಪೋರ್ಟ್, ವೀಸಾ ಕೆಲಸ ಎಷ್ಟು ಮೊದಲು ಶುರು ಮಾಡಬೇಕು?

ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಬಂದ ಮೇಲೆ ಎಲ್ಲದಕ್ಕೂ ಬೆಂಗಳೂರಿಗೆ ಓಡುವುದು ತಪ್ಪಿದೆ. ಆದರೂ ಪೊಲೀಸ್ ಪರಿಶೀಲನೆ, ಹೆಸರಿನ ತಿದ್ದುಪಡಿ ಎಂದು ಎಳೆದಾಡುವುದು ಇದ್ದೇ ಇದೆ. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಅಡ್ಡಹೆಸರು ಸೇರಿಸಿ ಇನ್ನೊಂದು ಹೆಸರು, ಇದು ನಮ್ಮ ಭಾಗದ ಹಳೆಯ ಕಾಯಿಲೆ. ನಾಲ್ಕು ತಿಂಗಳು ಮೊದಲೇ ಕೈ ಹಾಕಿ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಆಯುಸ್ಸು ಇರಬೇಕು.

ಕೀನ್ಯಾಕ್ಕೆ 2024ರ ಜನವರಿಯಿಂದ ಹಳೆಯ ವೀಸಾ ಇಲ್ಲ, ಇ-ಟಿಎ ಎಂಬ ಅನುಮತಿ ಆನ್‌ಲೈನ್‌ನಲ್ಲಿ ಪಡೆಯಬೇಕು, ಸುಮಾರು 30 ಡಾಲರ್. ಹೋಟೆಲ್ ಬುಕಿಂಗ್, ವಿಮಾನದ ಟಿಕೆಟ್ ಕೇಳುತ್ತಾರೆ. ಕೀನ್ಯಾ ಸರ್ಕಾರದ ತಾಣದಲ್ಲೇ ಅರ್ಜಿ ಹಾಕಿ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ತಾಣಗಳು ಅದೇ ಕೆಲಸಕ್ಕೆ ಜಾಸ್ತಿ ದುಡ್ಡು ಕೀಳುತ್ತವೆ. ಸೆರೆಂಗೆಟಿಯನ್ನೂ ಸೇರಿಸಿಕೊಂಡರೆ ತಾಂಜಾನಿಯಾದ ವೀಸಾ ಬೇರೆ, 50 ಡಾಲರ್. ಕೀನ್ಯಾದಿಂದ ಅಲ್ಲಿಗೆ ದಾಟುವಾಗ ಹಳದಿ ಪುಸ್ತಕವನ್ನೂ ಕೇಳುತ್ತಾರೆ.

ರೊಟ್ಟಿ, ಶೇಂಗಾ ಹಿಂಡಿ ಒಯ್ಯಬಹುದಾ?

ಒಯ್ಯಿರಿ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಪುಡಿ ಕೆಡುವುದಿಲ್ಲ. ಪುಡಿಗಳನ್ನು ಕೈಬ್ಯಾಗಿನಲ್ಲಿ ಇಡದೆ ದೊಡ್ಡ ಬ್ಯಾಗಿಗೆ ಹಾಕಿ, ತಪಾಸಣೆಯಲ್ಲಿ ಬಿಚ್ಚಿ ಮೂಸಿ ನೋಡುವುದು ತಪ್ಪುತ್ತದೆ. ಎಣ್ಣೆ ಉಪ್ಪಿನಕಾಯಿಯೂ ಅಲ್ಲಿಗೇ. ಹಸಿ ಹಣ್ಣು, ತರಕಾರಿ, ಬೀಜ ಬೇಡ, ಕೀನ್ಯಾದಲ್ಲಿ ಇಳಿದ ಮೇಲೆ ಕಿತ್ತುಕೊಳ್ಳುತ್ತಾರೆ. ಒಣ ಕೊಬ್ಬರಿ ಗಿಟುಕನ್ನು ನಮ್ಮ ವಿಮಾನ ನಿಲ್ದಾಣಗಳಲ್ಲೇ ತಡೆಯುತ್ತಾರೆ. ಅದರ ಎಣ್ಣೆಗೆ ಬೆಂಕಿ ಹತ್ತಬಹುದು ಎಂಬ ಕಾರಣಕ್ಕೆ. ಪೂಜೆಯ ಪ್ರಸಾದ ಎಂದು ಅಮ್ಮ ಬ್ಯಾಗಿನ ಮೂಲೆಗೆ ತುರುಕಿದ್ದಾರಾ ನೋಡಿ.

ಇದಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೊಂದಿದೆ. ರೊಟ್ಟಿ ಕಟ್ಟುವ ಪ್ಲಾಸ್ಟಿಕ್ ಕವರ್! ಕೀನ್ಯಾದಲ್ಲಿ 2017ರ ಆಗಸ್ಟ್ 28ರಿಂದ ಪ್ಲಾಸ್ಟಿಕ್ ಕೈಚೀಲಗಳು ನಿಷೇಧ. ತಾಂಜಾನಿಯಾದಲ್ಲಿ 2019ರ ಜೂನ್‌ನಿಂದ. ಕೀನ್ಯಾದ ಕಾಡುಗಳ ಒಳಗೆ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿಯೂ 2020ರಿಂದ ಇಲ್ಲ. ದಂಡ ಭಾರಿ. ಹಾಗಾಗಿ ರೊಟ್ಟಿಗೆ ಬಿಳಿ ಬಟ್ಟೆ, ಹಿಂಡಿಗೆ ಸ್ಟೀಲ್ ಡಬ್ಬಿ, ನೀರಿಗೆ ಸ್ಟೀಲ್ ಬಾಟಲಿ. ಅಜ್ಜಿಯರ ಕಾಲದಲ್ಲಿ ಕಟ್ಟುತ್ತಿದ್ದ ಬುತ್ತಿಗೆ ಕೀನ್ಯಾದಲ್ಲಿ ಯಾವ ತಕರಾರೂ ಇಲ್ಲ.

ಬರೀ ಬುತ್ತಿ ನಂಬಿಕೊಂಡು ಇರಬೇಕಿಲ್ಲ. ಅಲ್ಲಿ ಚಪಾತಿ ಮನೆಮನೆಯ ಊಟ, ಚಹಾ ನಮ್ಮ ಹಾಗೇ ಹಾಲು ಹಾಕಿ ಕುದಿಸಿದ್ದು. ಮೆಕ್ಕೆಜೋಳದ ಹಿಟ್ಟಿನ ಉಗಾಲಿ ನಮ್ಮ ಮುದ್ದೆಯ ಸೋದರ. ಜೊತೆಗೆ ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ. ನೈರೋಬಿಯಲ್ಲಿ ಗುಜರಾತಿಗಳು ತಲೆಮಾರುಗಳಿಂದ ಇದ್ದಾರೆ, ಶುದ್ಧ ಸಸ್ಯಾಹಾರಿ ಹೋಟೆಲುಗಳಿಗೆ ಕೊರತೆಯಿಲ್ಲ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲು ಹಾಕಲು ಬ್ರಿಟಿಷರು 30,000ಕ್ಕೂ ಹೆಚ್ಚು ಭಾರತೀಯ ಕೂಲಿಗಳನ್ನು ಒಯ್ದಿದ್ದರು. ಸುಮಾರು 2,500 ಜನ ಆ ಕೆಲಸದಲ್ಲೇ ಸತ್ತರು. 1898ರಲ್ಲಿ ತ್ಸಾವೋ ಹತ್ತಿರ ಎರಡು ಸಿಂಹಗಳು ಕೂಲಿಗಳನ್ನು ಎಳೆದೊಯ್ದು ತಿಂದದ್ದು ಇದೇ ಕಾಮಗಾರಿಯಲ್ಲಿ. ಚಪಾತಿಯ ರುಚಿ ನೋಡುವಾಗ ಅವರನ್ನೂ ನೆನೆಯಿರಿ.

ಆಫ್ರಿಕಾ ಅಂದರೆ ಬಿಸಿಲು. ಸ್ವೆಟರ್ ಯಾಕೆ?

ಬಳ್ಳಾರಿಯ ಬಿಸಿಲಿಗೆ ಹೋಲಿಸಿದರೆ ಮಾರಾ ತಂಪು. ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರ, ಮಾರಾ 1,500ರಿಂದ 2,100 ಮೀಟರ್. ಬೆಳಿಗ್ಗೆ ಆರಕ್ಕೆ ಛಾವಣಿ ತೆರೆದ ಗಾಡಿಯಲ್ಲಿ ನಿಂತರೆ ಹಲ್ಲು ಕಟಕಟ ಎನ್ನುತ್ತವೆ. ಜರ್ಕಿನ್, ಕಿವಿಗೆ ಟೋಪಿ ಬೇಕು. ಹತ್ತು ಗಂಟೆಗೆ ಎಲ್ಲ ಬಿಚ್ಚುವಿರಿ. ಮಣ್ಣಿನ ಬಣ್ಣದ ಬಟ್ಟೆ ಒಳ್ಳೆಯದು. ಕಡು ನೀಲಿ, ಕಪ್ಪಿಗೆ ಕಚ್ಚುವ ತ್ಸೆತ್ಸೆ ನೊಣ ಬರುತ್ತದೆ. ಮಿಲಿಟರಿ ಚಿತ್ತಾರದ ಬಟ್ಟೆ ಬೇಡ. ಡ್ರೋನ್ ಮನೆಯಲ್ಲೇ ಇರಲಿ. ಚಾರ್ಜರ್‌ಗೆ ಮೂರು ಚೌಕಾಕಾರದ ಕಡ್ಡಿಯ ಪ್ಲಗ್ ಬೇಕು, ಇಲ್ಲಿಂದಲೇ ಒಯ್ಯಿರಿ.

ದುಡ್ಡು ಹೇಗೆ ಒಯ್ಯಬೇಕು?

ಸ್ವಲ್ಪ ಡಾಲರ್ ನೋಟು, ಉಳಿದದ್ದು ಕಾರ್ಡಿನಲ್ಲಿ. ಹಳೆಯ, ಹರಿದ, ಮೇಲೆ ಪೆನ್ನಿನಲ್ಲಿ ಗೀಚಿದ ಡಾಲರನ್ನು ಅಲ್ಲಿ ಮುಟ್ಟುವುದಿಲ್ಲ. ಬ್ಯಾಂಕಿನಿಂದ ಹೊಸ ನೋಟೇ ಕೇಳಿ ತೆಗೆದುಕೊಳ್ಳಿ, ಗುರುತಿನವರ ಹತ್ತಿರ ಬ್ಲ್ಯಾಕಿನಲ್ಲಿ ಕೊಳ್ಳಬೇಡಿ. ಚಿಲ್ಲರೆ ಖರ್ಚಿಗೆ ಅಲ್ಲಿನ ದುಡ್ಡು ಶಿಲಿಂಗ್. ಊರಿನವರು ಪಾನಿಪುರಿಗೂ ಫೋನ್‌ಪೇ ಮಾಡುವ ಹಾಗೆ ಅಲ್ಲಿನವರು ಎಲ್ಲದಕ್ಕೂ ಎಂ-ಪೇಸಾ ಮಾಡುತ್ತಾರೆ. ಅದು 2007ರಲ್ಲೇ ಶುರುವಾದದ್ದು, ನಮ್ಮ ಯುಪಿಐಗಿಂತ ಹಿರಿಯ.

ಇಲ್ಲಿನ ಏಜೆನ್ಸಿಯ ಮೂಲಕ ವಿದೇಶಿ ಪ್ಯಾಕೇಜ್ ತೆಗೆದುಕೊಂಡರೆ ಬಿಲ್ಲಿನ ಮೇಲೆ ಟಿಸಿಎಸ್ ಎಂಬ ತೆರಿಗೆಯನ್ನು ಮೊದಲೇ ಹಿಡಿಯುತ್ತಾರೆ. ಅದು ಕಳೆದುಹೋಗುವ ದುಡ್ಡಲ್ಲ, ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಆದರೆ ಒಬ್ಬನ ಪ್ಯಾನ್ ಮೇಲೆ ಎಲ್ಲರ ಬಿಲ್ ಮಾಡಿಸಿದರೆ ಟಿಸಿಎಸ್ ಎಲ್ಲವೂ ಅವನ ಹೆಸರಿಗೆ ಹೋಗುತ್ತದೆ, ಆಮೇಲೆ ಹಂಚಿಕೊಳ್ಳಲು ಕಷ್ಟ. ಬಿಲ್ ಬೇರೆ ಬೇರೆ ಇರಲಿ.

ವಿಮೆ ಬೇಕಾ?

ಬೇಕು. ಪಾಲಿಸಿಯಲ್ಲಿ ಕಾಡಿನಿಂದ ವಿಮಾನದಲ್ಲಿ ಎತ್ತಿ ಆಸ್ಪತ್ರೆಗೆ ಸೇರಿಸುವ ಖರ್ಚು ಸೇರಿದೆಯೇ ನೋಡಿ. ಕೀನ್ಯಾದಲ್ಲಿ ಆ ಕೆಲಸಕ್ಕೆ ವಿಲ್ಸನ್ ನಿಲ್ದಾಣದಲ್ಲಿ ಆಮ್ರೆಫ್ ಫ್ಲೈಯಿಂಗ್ ಡಾಕ್ಟರ್ಸ್ ಇದ್ದಾರೆ. ಕೆಲವು ಸಫಾರಿ ಕಂಪನಿಗಳು ಅವರ ರಕ್ಷಣೆಯನ್ನು ಪ್ಯಾಕೇಜಿನಲ್ಲೇ ಸೇರಿಸಿರುತ್ತವೆ, ಕೇಳಿ. ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಫಾರ್ಮಿನಲ್ಲಿ ಬಚ್ಚಿಡಬೇಡಿ.

ಇಂಗ್ಲಿಷ್ ಅಷ್ಟಕ್ಕಷ್ಟೇ. ನಡೆಯುತ್ತಾ?

ನಡೆಯುತ್ತದೆ. ಇಮಿಗ್ರೇಷನ್‌ನಲ್ಲಿ ಎಲ್ಲಿಗೆ, ಎಷ್ಟು ದಿನ, ಎಲ್ಲಿ ಇಳಿಯುತ್ತೀರಿ ಎಂದಷ್ಟೇ ಕೇಳುತ್ತಾರೆ. ಹೋಟೆಲಿನ ಹೆಸರು, ವಾಪಸ್ ಟಿಕೆಟ್, ಇ-ಟಿಎ ಕಾಗದದಲ್ಲಿ ಅಚ್ಚು ಹಾಕಿಸಿ ಪ್ರತಿಯೊಬ್ಬರ ಕೈಯಲ್ಲೂ ಇರಲಿ. ಎಲ್ಲರ ಕಾಗದವೂ ಒಬ್ಬನ ಫೋನಿನಲ್ಲಿದ್ದು ಅವನು ಮುಂದಿನ ಸಾಲಿನಲ್ಲಿ ದಾಟಿಹೋದರೆ ಹಿಂದಿನವರು ಪರದಾಡುತ್ತಾರೆ. ಅಲ್ಲಿನವರನ್ನು ಕಂಡಾಗ ‘ಜಾಂಬೋ’, ಕೊಟ್ಟದ್ದಕ್ಕೆ ‘ಅಸಾಂತೆ’ ಎಂದರೆ ಮುಖ ಅರಳುತ್ತದೆ.

ಹೊರಡುವ ಮೊದಲು ಊರಲ್ಲೇ ಏನಾದರೂ ಅಭ್ಯಾಸ?

ಒಂದು ಮಧ್ಯಾಹ್ನ ಎಲ್ಲರೂ ಸೇರಿ ದರೋಜಿ ಕರಡಿಧಾಮಕ್ಕೆ ಹೋಗಿ. 1994ರಲ್ಲಿ ಘೋಷಿಸಿದ ಆ ಧಾಮದಲ್ಲಿ ವೀಕ್ಷಣಾ ಗೋಪುರದ ಮೇಲೆ ಕೂತು, ಎದುರಿನ ಬಂಡೆಗಳ ಮೇಲೆ ಕರಡಿ ಇಳಿದು ಬರುವುದನ್ನು ಕಾಯಬೇಕು. ಬೈನಾಕ್ಯುಲರ್ ಹಿಡಿಯಲು ಕಲಿಯಬಹುದು, ಕ್ಯಾಮೆರಾದ ಶಬ್ದ ಬಂದ್ ಮಾಡುವುದು ಹೇಗೆಂದು ಕಂಡುಕೊಳ್ಳಬಹುದು. ಅದಕ್ಕಿಂತ ಮುಖ್ಯವಾಗಿ ಒಂದು ಗಂಟೆ ಬಾಯಿ ಮುಚ್ಚಿಕೊಂಡು ಕೂರುವವರು ಯಾರು, ಹತ್ತು ನಿಮಿಷಕ್ಕೆ ಮಿರ್ಚಿ ಮಂಡಕ್ಕಿ ನೆನೆಸುವವರು ಯಾರು ಎಂದು ಗೊತ್ತಾಗುತ್ತದೆ. ಮಾರಾದಲ್ಲಿ ಯಾರನ್ನು ಯಾವ ಸೀಟಿನಲ್ಲಿ ಕೂರಿಸಬೇಕೆಂದು ಅಲ್ಲೇ ತೀರ್ಮಾನ ಮಾಡಿ.

ಮನೆಯವರಿಗೆ ಏನು ಕೊಟ್ಟು ಹೋಗಬೇಕು?

ಪಾಸ್‌ಪೋರ್ಟ್, ಟಿಕೆಟ್, ವಿಮೆಯ ಪ್ರತಿ. ಸಫಾರಿ ಕಂಪನಿಯ ಫೋನ್ ನಂಬರ್, ಪ್ರತಿ ರಾತ್ರಿ ಉಳಿಯುವ ಜಾಗದ ಹೆಸರು. ಮಾರಾದ ಎಷ್ಟೋ ಕಡೆ ಫೋನ್ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಆದ್ದರಿಂದ ‘ದಿನಾ ರಾತ್ರಿ ಎಂಟಕ್ಕೆ ಫೋನ್ ಮಾಡ್ತೀನಿ’ ಎಂದು ಮಾತು ಕೊಡಬೇಡಿ, ಎಂಟೂ ಕಾಲಿಗೆ ಇಡೀ ಓಣಿಯೇ ಗಾಬರಿಯಾಗುತ್ತದೆ. ನೈರೋಬಿಯಲ್ಲಿ ಇಳಿದ ಕೂಡಲೇ ಒಂದು ಮೆಸೇಜ್, ಮಾರಾದಿಂದ ವಾಪಸ್ ನಾರೋಕ್ ಮುಟ್ಟಿದಾಗ ಇನ್ನೊಂದು, ಮಧ್ಯೆ ಸಿಕ್ಕರೆ ಸಿಕ್ಕಿತು ಎಂದು ಹೇಳಿ ಹೊರಡಿ.